ದುಬೈ ಸಿಮ್ ಹಾಕಿದರೂ ನೆಟ್ ಇಲ್ಲ, ಎರಡು ದಿನ ಆಯ್ತು!!

ಕದ್ರಿ_ಕಂಬ್ಳ (ಶನಿವಾರ ರಾತ್ರಿ 11:10)
ಸಾಕಾಗಿ ಹೋಯ್ತು ಮಾರಾಯ್ರೇ. ನಿನ್ನೆ ಮಂಗಳೂರಿನ ಬಜಪೆ ಏರ್‌ಪೋರ್ಟಿನಿಂದ ದುಬೈಗೆ ಬಂದೆ. ಇಳಿದ ಕೂಡಲೇ ಪಾಸ್‌ಪೋರ್ಟ್ ತೋರಿಸಿ ಟೂರಿಸ್ಟ್ ಸಿಮ್ ತೆಗೆದುಕೊಂಡೆ. ನೆಟ್ ಬರುತ್ತಲೇ ಇಲ್ಲ. ಫೋನ್ ಆಫ್ ಮಾಡಿ ಆನ್ ಮಾಡಿದೆ, ಏರೋಪ್ಲೇನ್ ಮೋಡ್ ಹಾಕಿ ತೆಗೆದೆ, ಸಿಮ್ಮನ್ನು ಅಂಗಿಗೆ ಒರೆಸಿ ಹಾಕಿದೆ. ಇವತ್ತು ಇಲ್ಲಿಯ ಒಂದು ಅಂಗಡಿಯಲ್ಲಿ ಕೇಳಿದರೆ "ಸಿಮ್ ಸರಿ ಉಂಟು, ಫೋನ್ ನೋಡಿ" ಅಂತಾನೆ. ಫೋನಿಗೆ ಎಂತದೂ ಆಗಿಲ್ಲ. ಅಕ್ಕನ ಮನೆಯ ವೈಫೈಯಲ್ಲಿ ಇದನ್ನು ಬರೆಯುತ್ತಿರುವುದು ಅದರಿಂದಲೇ. ಸೋಮವಾರದಿಂದ ನಾನೊಬ್ಬನೇ ತಿರುಗಬೇಕು. ಮ್ಯಾಪ್ ಇಲ್ಲದೆ ಎಂತ ಮಾಡುವುದು? ಗೊತ್ತಿದ್ದವರು ಬೇಗ ಹೇಳಿ.

ಮಲ್ಪೆ_ಬೋಟು (11:16)
ಎಪಿಎನ್, ಅಂದರೆ ಸಿಮ್ ಕಂಪನಿಯ ನೆಟ್ಟಿಗೆ ಫೋನನ್ನು ಸೇರಿಸುವ ಸೆಟ್ಟಿಂಗ್. ನೂರಕ್ಕೆ ನೂರು. ಸೆಟ್ಟಿಂಗ್ಸ್, ಮೊಬೈಲ್ ನೆಟ್‌ವರ್ಕ್, ಆಕ್ಸೆಸ್ ಪಾಯಿಂಟ್ ನೇಮ್ಸ್. ಸಿಮ್ ಅಲ್ಲಿಯ ಡು ಕಂಪನಿಯದ್ದಾದರೆ ಎಪಿಎನ್ ಖಾನೆಯಲ್ಲಿ ಡಿ, ಯು ಅಂತ ಎರಡೇ ಅಕ್ಷರ ಹಾಕಿ. ಯೂಸರ್‌ನೇಮ್, ಪಾಸ್‌ವರ್ಡ್ ಖಾಲಿ ಬಿಡಿ. ಸೇವ್ ಮಾಡಿ ರೀಸ್ಟಾರ್ಟ್ ಕೊಡಿ.

ಕದ್ರಿ_ಕಂಬ್ಳ (11:25)
ಆ ಪಟ್ಟಿ ತೆರೆಯುವುದೇ ಇಲ್ಲ. ಬೂದು ಬಣ್ಣದಲ್ಲಿ ಉಂಟು, ಒತ್ತಿದರೆ ಒತ್ತಿದ ಹಾಗೇ.

ಮಲ್ಪೆ_ಬೋಟು (11:27)
ಹಾಗಾದರೆ ನೆಟ್‌ವರ್ಕ್ ಸೆಟ್ಟಿಂಗ್ಸ್ ರಿಸೆಟ್ ಮಾಡಿ, ಆಮೇಲೆ ಎಪಿಎನ್ ಹಾಕಿ. ಅಕ್ಕನ ವೈಫೈ ಪಾಸ್‌ವರ್ಡ್ ಮೊದಲೇ ಬರೆದಿಟ್ಟುಕೊಳ್ಳಿ, ಅದೂ ಅಳಿಸಿ ಹೋಗುತ್ತದೆ.

ಕಾರ್ಕಳ_ಕಪ್ಪುಕಲ್ಲು (11:31)
ಡೇಟಾ ಯಾವ ಸಿಮ್ಮಿಗೆ ಇಟ್ಟಿದ್ದೀರಿ? ಎರಡು ಸಿಮ್ ಇದ್ದರೆ ಊರಿನದ್ದಕ್ಕೇ ಅಂಟಿಕೊಂಡಿರುತ್ತದೆ. ನನಗೆ ಬ್ಯಾಂಕಾಕಿನಲ್ಲಿ ಅದೇ ಆಗಿತ್ತು. ಮತ್ತೆ, ಏರ್‌ಪೋರ್ಟ್ ಇರುವುದು ಕೆಂಜಾರಿನಲ್ಲಿ, ಬಜಪೆಯಲ್ಲಿ ಅಲ್ಲ.

ಕದ್ರಿ_ಕಂಬ್ಳ (11:34)
ಇದರಲ್ಲಿ ಒಂದೇ ಸಿಮ್ ಇರುವುದು, ಇಲ್ಲಿಯದ್ದು. ಬಜಪೆ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ, ಬಿಡಿ.

ಮಣಿಪಾಲ_ಎಂಡ್‌ಪಾಯಿಂಟ್ (11:40)
ಈ ಕಾಲದಲ್ಲೂ ಪ್ಲಾಸ್ಟಿಕ್ ಸಿಮ್ಮಾ! ನಾನು ಮನೆಯಲ್ಲೇ ಇಸಿಮ್, ಅಂದರೆ ಕಾರ್ಡ್ ಇಲ್ಲದ ಸಿಮ್, ಇಳಿಸಿಕೊಂಡು ಹೋಗುವುದು. ವಿಮಾನದ ಬಾಗಿಲು ತೆಗೆಯುವ ಮೊದಲೇ ನೆಟ್. ಊರಿನ ಸಿಮ್ ಒಟಿಪಿಗೆ, ಡೇಟಾ ರೋಮಿಂಗ್ ಆಫ್. ಒಂದು ಪಾಕೆಟ್ ರೂಟರ್, 20,000 ಎಂಎಎಚ್ ಪವರ್ ಬ್ಯಾಂಕ್, ಮೂರು ಚೌಕ ಕಡ್ಡಿಯ ಪ್ಲಗ್. ಎಲ್ಲ ಒಂದೇ ಪೌಚಿನಲ್ಲಿ. ಬೇಕಾದರೆ ಫೋಟೊ ಹಾಕುತ್ತೇನೆ.

ಮಲ್ಪೆ_ಬೋಟು (11:42)
ಅವರು ಕೇಳಿದ್ದು ನಿಮ್ಮ ಪೌಚಿನಲ್ಲಿ ಎಂತ ಉಂಟು ಅಂತ ಅಲ್ಲ.

ಉಳ್ಳಾಲ_ಗಲ್ಫ್‌ರಿಟರ್ನ್ (11:55)
ಅಲ್ಲಿ 9 ವರ್ಷ ಇದ್ದವ ಹೇಳುತ್ತಿದ್ದೇನೆ. ಬ್ಯಾಂಡಿನ, ಅಂದರೆ ಸಿಗ್ನಲ್ ಬರುವ ತರಂಗದ, ತೊಂದರೆ ಇರಲಿಕ್ಕಿಲ್ಲ. 1800 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 3, ಅಲ್ಲಿಯೂ ಉಂಟು, ಇಲ್ಲಿಯೂ ಉಂಟು. ಇನ್ನೊಂದು, ನೆಟ್ ಬಂದ ಮೇಲೆ ವಾಟ್ಸಾಪ್ ಕಾಲ್ ಹೋಗುವುದಿಲ್ಲ ಅಂತ ಪುನಃ ಇಲ್ಲಿ ಕೂಗಬೇಡಿ. ಯುಎಇಯಲ್ಲಿ ಅದು ಬಂದ್. ಮೆಸೇಜ್, ಫೋಟೊ ಮಾತ್ರ ಹೋಗುತ್ತದೆ. ಮಾತಾಡಲಿಕ್ಕೆ ಬೋಟಿಮ್ ಅನ್ನುವ ಕರೆಯ ಆ್ಯಪ್ ಹಾಕಿ. ಮನೆಯವರ ಫೋನಿಗೂ ಹಾಕಿಸಬೇಕು.

ಕಾರ್ಕಳ_ಕಪ್ಪುಕಲ್ಲು (11:58)
ಸುಮ್ನೆ ಒಂದು ವಿಪಿಎನ್, ಅಂದರೆ ನಾವಿರುವ ದೇಶ ಮರೆಸುವ ಆ್ಯಪ್, ಹಾಕಿದರೆ ಮುಗಿಯಿತು.

ಉಳ್ಳಾಲ_ಗಲ್ಫ್‌ರಿಟರ್ನ್ (12:01)
ಹೌದು, ದಂಡ ನೀವು ಕಟ್ಟುತ್ತೀರಾ? 2021ರ ಸೈಬರ್ ಕಾನೂನು ಓದಿ. ವಿಪಿಎನ್ ಇಟ್ಟುಕೊಂಡರೇ ತಪ್ಪು ಅಂತ ಅಲ್ಲ. ಆದರೆ ಅದನ್ನು ಹಾಕಿ ಅಪರಾಧ ಮಾಡಿದರೆ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡ. ರೂಪಾಯಿ ಅಲ್ಲ, ದಿರ್ಹಮ್.

ಕಾರ್ಕಳ_ಕಪ್ಪುಕಲ್ಲು (12:04)
ಅಮ್ಮನಿಗೆ ಫೋನ್ ಮಾಡುವುದು ಅಪರಾಧವಾ? ನನ್ನ ಭಾವ ದಿನಾ ಮಾಡುತ್ತಾರೆ.

ಉಳ್ಳಾಲ_ಗಲ್ಫ್‌ರಿಟರ್ನ್ (12:05)
ನಿಮ್ಮ ಭಾವನ ಧೈರ್ಯ ನಿಮ್ಮ ಭಾವನಿಗೆ.

ಕುಂದಾಪ್ರ_ಅಕ್ಕ (ಭಾನುವಾರ ಬೆಳಿಗ್ಗೆ 6:50)
ರಾತ್ರಿಯಿಡೀ ಜಗಳ, ಒಬ್ಬರೂ ಕೇಳಬೇಕಾದದ್ದು ಕೇಳಲಿಲ್ಲ. ಕದ್ರಿಯವರೇ, ಸಿಮ್ ಹಾಕಿದ ಕೂಡಲೇ ಸ್ಕ್ರೀನಿನಲ್ಲಿ ಎಂತ ಬರುತ್ತದೆ? ಇದ್ದದ್ದು ಇದ್ದ ಹಾಗೆ ಬರೆಯಿರಿ. ಬರೀ ಕರೆ ಹೋಗುತ್ತದಾ?

ಕದ್ರಿ_ಕಂಬ್ಳ (8:35)
ಕರೆಯೂ ಹೋಗುವುದಿಲ್ಲ. ನೆಟ್‌ವರ್ಕ್ ಅನ್‌ಲಾಕ್ ಪಿನ್ ಅಂತ ಎಂತದೋ ಕೇಳುತ್ತದೆ, ಡಿಸ್ಮಿಸ್ ಕೊಡುತ್ತೇನೆ. ಹೊಸ ಫೋನ್ ಅಲ್ವಾ, ಸುರುವಿಗೆ ನೂರೆಂಟು ಕೇಳುತ್ತದೆ ಅಂತ ಬಿಟ್ಟೆ.

ಮಲ್ಪೆ_ಬೋಟು (8:38)
ಅದು ಸಿಮ್ ಪಿನ್. ಸಿಮ್ ಬಂದ ಕಾರ್ಡಿನ ಮೇಲೆಯೇ ಇರುತ್ತದೆ. ಅಂದಾಜಿಗೆ ಹೊಡೆಯಬೇಡಿ. 3 ಸಲ ತಪ್ಪಿದರೆ ಸಿಮ್ ಲಾಕ್ ಆಗಿ, ಅದನ್ನು ತೆಗೆಯುವ 8 ಅಂಕಿಯ ಪಿಯುಕೆ ಕೇಳುತ್ತದೆ. ಪಿನ್ ಹಾಕಿ, ಆಮೇಲೆ ಎಪಿಎನ್.

ಕುಂದಾಪ್ರ_ಅಕ್ಕ (8:52)
ಬೋಟಣ್ಣ, ಸ್ವಲ್ಪ ನಿಲ್ಲಿ. ಸಿಮ್ ಪಿನ್ ಬೇರೆ, ನೆಟ್‌ವರ್ಕ್ ಲಾಕ್ ಬೇರೆ. ಮೊದಲನೆಯದು ಸಿಮ್ಮಿನದ್ದು, ಎರಡನೆಯದು ಫೋನಿನದ್ದು.

ಹೊಸ ಫೋನ್ ಅಂತ ಮೊದಲೇ ಹೇಳಬಾರದಿತ್ತಾ ಮಾರಾಯ್ರೇ! ಕೆಲವು ಕಂಪನಿಗಳು ಇಲ್ಲಿ ಮಾರುವ ಫೋನಿಗೆ ಪ್ರದೇಶದ ಬೀಗ ಹಾಕಿರುತ್ತವೆ. ಮೊದಲು ಈ ಕಡೆಯ ಸಿಮ್ ಹಾಕಿ ಒಟ್ಟು 5 ನಿಮಿಷಕ್ಕಿಂತ ಜಾಸ್ತಿ ಮಾತಾಡಬೇಕು. ಅಲ್ಲಿಯವರೆಗೆ ಹೊರದೇಶದ ಸಿಮ್ಮನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆಮೇಲೆ ಯಾವ ದೇಶದ್ದೂ ನಡೆಯುತ್ತದೆ. ಬಾಕ್ಸಿನ ಮೇಲೆ ಸಣ್ಣ ಸ್ಟಿಕ್ಕರ್ ಇರುತ್ತದೆ, ಯಾರೂ ಓದುವುದಿಲ್ಲ. ವಾಟ್ಸಾಪಿನಲ್ಲಿ ಮಾತಾಡಿದ್ದು ಲೆಕ್ಕಕ್ಕಿಲ್ಲ.

ನಿಮ್ಮ ಊರಿನ ಸಿಮ್ ಎಲ್ಲಿ?

ಕದ್ರಿ_ಕಂಬ್ಳ (9:20)
ಹಳೆ ಫೋನಿನಲ್ಲಿ, ಒಟಿಪಿ ಬರಲಿ ಅಂತ. ಹೊರಡುವ ಮುನ್ನಾದಿನ ಹಂಪನಕಟ್ಟೆಯಲ್ಲಿ ಹೊಸದು ತೆಗೆದದ್ದು, ಮನೆ ವೈಫೈಯಲ್ಲೇ ಎಲ್ಲ ಕಾಪಿ ಮಾಡಿದೆ. ಅದಕ್ಕೆ ಸಿಮ್ಮೇ ಹಾಕಿರಲಿಲ್ಲ. ಬಾಕ್ಸ್ ಕದ್ರಿಯಲ್ಲಿ ಉಂಟು. ಅಂಗಡಿಯವ ಒಂದು ಮಾತು ಹೇಳಬಹುದಿತ್ತು.

ಈಗ ದುಬೈ ಸಿಮ್ಮನ್ನು ಹಳೆಯದಕ್ಕೆ ಹಾಕಿ ನೋಡಿದೆ. ಅರ್ಧ ನಿಮಿಷದಲ್ಲಿ ನೆಟ್ ಬಂತು!! ಆದರೆ ಅದರ ಬ್ಯಾಟರಿ ಒಂದು ಗಂಟೆ ನಿಲ್ಲುವುದಿಲ್ಲ.

ಕುಂದಾಪ್ರ_ಅಕ್ಕ (9:26)
ಹಾಗಾದರೆ ಊರಿನ ಸಿಮ್ಮನ್ನು ಹೊಸದಕ್ಕೆ ಹಾಕಿ, ರೋಮಿಂಗಿನಲ್ಲೇ ಮನೆಗೆ ಕರೆ ಮಾಡಿ. ಮೊದಲು ಪ್ಯಾಕ್ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಆ ಆರು ನಿಮಿಷಕ್ಕೆ ಬಿಲ್ ನೋಡಿ ಅಳಬೇಕಾದೀತು. ಡೇಟಾ ರೋಮಿಂಗ್ ಆಫ್ ಇರಲಿ. ಆಮೇಲೆ ರೀಸ್ಟಾರ್ಟ್ ಮಾಡಿ ಅಲ್ಲಿಯ ಸಿಮ್ ಹಾಕಿ.

ಮಣಿಪಾಲ_ಎಂಡ್‌ಪಾಯಿಂಟ್ (9:40)
ಇಸಿಮ್ ಆಗಿದ್ದರೆ ಇದೆಲ್ಲ ಇಲ್ಲ.

ಕುಂದಾಪ್ರ_ಅಕ್ಕ (9:43)
ಬೀಗ ಇರುವುದು ಫೋನಿಗೆ. ಇಸಿಮ್ ಹಾಕಿದರೂ ಅದೇ ಬೀಗ.

ಬಜಪೆ_ಹಳೇಪೇಟೆ (10:15)
ಈಗ ನೋಡಿದೆ. 2010ರಲ್ಲಿ ಹೊಸ ಟರ್ಮಿನಲ್ ಆದದ್ದು ಕೆಂಜಾರಿನಲ್ಲಿ, ಸರಿ. ಅದಕ್ಕೆ ಮೊದಲು ನಾವೆಲ್ಲ ಹತ್ತಿ ಇಳಿದದ್ದು ಬಜಪೆಯಲ್ಲಿ. ಹೆಸರು ಹಾಗೇ ಇರಲಿ.

ಕದ್ರಿ_ಕಂಬ್ಳ (12:30)
ಆಯ್ತು!!! ಅಮ್ಮನಿಗೇ ಮಾಡಿದೆ. 5 ನಿಮಿಷ ಎಂತ ಮಾತಾಡುವುದು ಅಂತ ಯೋಚಿಸಿದ್ದೆ, 14 ನಿಮಿಷ ಆದರೂ ಇಡಲು ಬಿಡಲಿಲ್ಲ. ಊಟ ಆಯ್ತಾ ಅಂತಲೇ ಮೂರು ಸಲ ಕೇಳಿದರು. ರೀಸ್ಟಾರ್ಟ್ ಮಾಡಿ ಇಲ್ಲಿಯ ಸಿಮ್ ಹಾಕಿದೆ, ಪಿನ್ ಕೇಳಲೇ ಇಲ್ಲ, ನೆಟ್ ಓಡುತ್ತಿದೆ. ಅಕ್ಕ, ತುಂಬಾ ಉಪಕಾರ ಆಯ್ತು.

ಒಂದೇ ಒಂದು ಉಳಿದದ್ದು. ವಾಟ್ಸಾಪ್ ಕಾಲ್ ಹೋಗುತ್ತಿಲ್ಲ. ಇದೂ ಅದೇ ಬೀಗವಾ?

ಮಲ್ಪೆ_ಬೋಟು (12:33)
ಈಗ ಆ ಪಟ್ಟಿ ತೆರೆಯುತ್ತದಲ್ಲ? ಎಪಿಎನ್ ಒಮ್ಮೆ ನೋಡಿಬಿಡಿ.

ಉಳ್ಳಾಲ_ಗಲ್ಫ್‌ರಿಟರ್ನ್ (12:34)
ನಾನು ರಾತ್ರಿ 11:55ಕ್ಕೆ ಬರೆದದ್ದು ಯಾರಿಗೆ?