ಓದು, ಹುದ್ದೆ, ಆಯಸ್ಸು: ಸಮುದಾಯ ಆರೋಗ್ಯ ವೈದ್ಯೆಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಮೇಡಂ, ಬಡವರಿಗೆ ಕಾಯಿಲೆ ಜಾಸ್ತಿ, ಆಯಸ್ಸು ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಕಾರಣ ಸಿಗರೇಟು, ಕುಡಿತ, ಉದಾಸೀನ ಅಲ್ವಾ? ಅಭ್ಯಾಸ ಸರಿ ಮಾಡಿಕೊಂಡರೆ ಅವರೂ ಚೆನ್ನಾಗಿಯೇ ಇರಬಹುದು ಅನ್ನೋದು ನನ್ನ ಅನಿಸಿಕೆ.

ಉತ್ತರ: ಈ ಪ್ರಶ್ನೆ ನನಗೆ ಡಾಕ್ಟರುಗಳಿಂದಲೇ ಜಾಸ್ತಿ ಬರುತ್ತದೆ, ಹಾಗಾಗಿ ಸಂಕೋಚ ಬೇಡ. ಅಭ್ಯಾಸಕ್ಕೂ ಪಾಲಿದೆ. ಆದರೆ ಆ ಪಾಲು ನಾವು ಅಂದುಕೊಂಡಷ್ಟು ದೊಡ್ಡದಲ್ಲ.

1967ರಲ್ಲಿ ಲಂಡನ್ನಿನಲ್ಲಿ ಒಂದು ಅಧ್ಯಯನ ಶುರುವಾಯಿತು. ಅದರ ಹೆಸರು ವೈಟ್‌ಹಾಲ್ ಅಧ್ಯಯನ. 40ರಿಂದ 69 ವಯಸ್ಸಿನ ಸುಮಾರು 18,000 ಗಂಡಸರನ್ನು ವರ್ಷಗಟ್ಟಲೆ ಗಮನಿಸಿದರು. ಎಲ್ಲರೂ ಸರ್ಕಾರಿ ನೌಕರರು. ಯಾರೂ ಹಸಿದವರಲ್ಲ, ಕೆಲಸ ಇಲ್ಲದವರಲ್ಲ. ಆ ದೇಶದಲ್ಲಿ 1948ರಿಂದಲೇ ಎಲ್ಲರಿಗೂ ಸರ್ಕಾರಿ ಆರೋಗ್ಯ ಸೇವೆ ಇತ್ತು, ಅಂದರೆ ಡಾಕ್ಟರನ್ನು ಕಾಣಲು ದುಡ್ಡಿಲ್ಲ ಅನ್ನುವ ಮಾತೂ ಇಲ್ಲ. ಇಷ್ಟಿದ್ದರೂ ಎಲ್ಲಕ್ಕಿಂತ ಕೆಳಗಿನ ಹುದ್ದೆಯವರು, ಅಂದರೆ ಕಡತ ಹೊರುವವರು, ಬಾಗಿಲು ಕಾಯುವವರು, ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ಎಲ್ಲಕ್ಕಿಂತ ಮೇಲಿನ ಅಧಿಕಾರಿಗಳಿಗಿಂತ ಮೂರು ಪಟ್ಟಿಗೂ ಜಾಸ್ತಿ ಇತ್ತು.

ನೀವು ಹೇಳಿದ ಅಭ್ಯಾಸದ ವಿಷಯ ಈಗ ಬರುತ್ತದೆ. ಕೆಳಗಿನವರು ಸಿಗರೇಟು ಹೆಚ್ಚು ಸೇದುತ್ತಿದ್ದದ್ದು ನಿಜ. ಸಿಗರೇಟು, ಬಿಪಿ, ಕೊಲೆಸ್ಟ್ರಾಲ್ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮತ್ತೆ ನೋಡಿದರು. ಇವೆಲ್ಲ ಸೇರಿದರೂ ಆ ಅಂತರದಲ್ಲಿ ಅರ್ಧದಷ್ಟಕ್ಕೂ ವಿವರಣೆ ಸಿಗಲಿಲ್ಲ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ. ಅಂತರ ಇದ್ದದ್ದು ಬರೀ ತುತ್ತತುದಿಗೂ ತಳಕ್ಕೂ ನಡುವೆ ಅಲ್ಲ. ಎರಡನೇ ಮೆಟ್ಟಿಲಿನವರ ಆರೋಗ್ಯ ಮೊದಲನೆಯವರಿಗಿಂತ ಕೆಟ್ಟದಾಗಿತ್ತು, ಮೂರನೆಯವರದ್ದು ಎರಡನೆಯವರಿಗಿಂತ. ಕಾರು, ಮನೆ ಇರುವ ಮಧ್ಯಮ ದರ್ಜೆಯ ಅಧಿಕಾರಿಯೂ ತನ್ನ ಮೇಲಿನವನಿಗಿಂತ ಬೇಗ ಸಾಯುತ್ತಿದ್ದ. ಹಾಗಾಗಿ ಇದು "ಬಡವರ ಸಮಸ್ಯೆ" ಅಂತ ದೂರದಲ್ಲಿಟ್ಟು ನೋಡುವ ವಿಷಯ ಅಲ್ಲ. ನಾವೆಲ್ಲ ಆ ಏಣಿಯ ಯಾವುದೋ ಒಂದು ಮೆಟ್ಟಿಲ ಮೇಲೆ ನಿಂತಿದ್ದೇವೆ.

ಪ್ರಶ್ನೆ: ಇದೇ ನನಗೆ ಅರ್ಥ ಆಗ್ತಿಲ್ಲ. ಟೆನ್ಷನ್ ಜಾಸ್ತಿ ಇರೋದು ಮೇಲಿನವರಿಗೆ ಅಲ್ವಾ? ನನ್ನ ಬಾಸ್ ರಾತ್ರಿ ಹನ್ನೊಂದಕ್ಕೂ ಫೋನಿನಲ್ಲೇ ಇರುತ್ತಾರೆ.

ಉತ್ತರ: ಇರಬಹುದು. ಆದರೆ ಆ ಫೋನ್ ಎತ್ತಬೇಕೋ ಬೇಡವೋ ಅನ್ನೋದನ್ನು ಬಹುಪಾಲು ಅವರೇ ತೀರ್ಮಾನ ಮಾಡುತ್ತಾರೆ. ವ್ಯತ್ಯಾಸ ಅಲ್ಲಿದೆ.

1985ರಲ್ಲಿ ವೈಟ್‌ಹಾಲ್‌ನ ಎರಡನೇ ಅಧ್ಯಯನ ಶುರುವಾಯಿತು, ಈ ಸಲ ಹೆಂಗಸರನ್ನೂ ಸೇರಿಸಿಕೊಂಡರು. ಒಟ್ಟು ಹತ್ತು ಸಾವಿರಕ್ಕೂ ಮೇಲೆ ಜನ. ಅದರ ನೇತೃತ್ವ ವಹಿಸಿದ್ದ ಮೈಕೆಲ್ ಮಾರ್ಮಟ್ ಮತ್ತು ಅವರ ಜೊತೆಗಾರರು ಕೆಲಸದ ಹೊರೆಯ ಜೊತೆಗೆ ಕೆಲಸದ ಮೇಲಿನ ಹಿಡಿತವನ್ನೂ ಅಳೆದರು. ಯಾವ ಕೆಲಸ ಮೊದಲು, ಯಾವಾಗ ವಿರಾಮ, ಹೇಗೆ ಮಾಡಬೇಕು ಅನ್ನೋದರಲ್ಲಿ ನಿಮ್ಮ ಮಾತು ನಡೆಯುತ್ತದಾ ಅಂತ. ಹಿಡಿತ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು.

ದೇಹದ ಕಡೆಯಿಂದ ನೋಡಿದರೆ ಇದು ಒಗಟಲ್ಲ. ಅಪಾಯ ಬಂದಾಗ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರುತ್ತವೆ, ಬಿಪಿ ಏರುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ. ಸ್ವಲ್ಪ ಹೊತ್ತಿನ ನಂತರ ಇಳಿಯಬೇಕು. ಬಾಡಿಗೆ, ಸಾಲ, ನಾಳೆ ಕೆಲಸ ಇರುತ್ತೋ ಇಲ್ವೋ ಅನ್ನುವ ಚಿಂತೆ ವರ್ಷಗಟ್ಟಲೆ ಇದ್ದರೆ ಅದು ಸರಿಯಾಗಿ ಇಳಿಯೋದಿಲ್ಲ. ರಕ್ತನಾಳಗಳು ಸವೆಯುತ್ತವೆ, ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟವರಿಗೆ ಸಿಗರೇಟು ಬಿಡಿ ಅಂತ ನಾವು ಉಪದೇಶ ಮಾಡುತ್ತೇವೆ.

ಪ್ರಶ್ನೆ: ನಮ್ಮ ಅಜ್ಜ ಕೂಲಿ ಮಾಡಿಕೊಂಡಿದ್ದವರು, ಓದು ಬರಹ ಇಲ್ಲ. 93 ವರ್ಷ ಬದುಕಿದರು. ಇದಕ್ಕೇನಂತೀರಿ?

ಉತ್ತರ: ಸಂತೋಷ ಅಂತೀನಿ! ನಾನು ಹೇಳುತ್ತಿರುವುದು ಸರಾಸರಿಯ ಮಾತು. ಸಿಗರೇಟು ಸೇದಿಯೂ ತೊಂಬತ್ತು ದಾಟಿದವರು ಇದ್ದಾರೆ, ಅದರಿಂದ ಸಿಗರೇಟು ಒಳ್ಳೆಯದಾಗಲಿಲ್ಲ. ಸರಾಸರಿ ಎಷ್ಟು ದೂರ ಹೋಗುತ್ತದೆ ಅಂದರೆ, ಅಮೆರಿಕದಲ್ಲಿ 2001ರಿಂದ 2014ರವರೆಗಿನ ತೆರಿಗೆ ದಾಖಲೆಗಳನ್ನು ಸಾವಿನ ದಾಖಲೆಗಳ ಜೊತೆ ಹೋಲಿಸಿ ನೋಡಿದ್ದಾರೆ. ಆದಾಯದಲ್ಲಿ ಮೇಲಿನ ಶೇಕಡಾ 1ರ ಗಂಡಸರಿಗೂ ಕೆಳಗಿನ ಶೇಕಡಾ 1ರ ಗಂಡಸರಿಗೂ ಆಯಸ್ಸಿನಲ್ಲಿ 14.6 ವರ್ಷ ಅಂತರ. ಹೆಂಗಸರಲ್ಲಿ 10.1 ವರ್ಷ.

ಪ್ರಶ್ನೆ: ಓದಿನ ಪಾತ್ರ ಏನು ಮೇಡಂ? ಓದಿದವರಿಗೆ ಒಳ್ಳೆ ಸಂಬಳ, ಅದಕ್ಕೇ ಒಳ್ಳೆ ಆರೋಗ್ಯ, ಅಷ್ಟೇ ತಾನೆ? ಅಥವಾ ಜಾಣರೇ ಜಾಸ್ತಿ ಓದುತ್ತಾರೆ, ಜಾಣರೇ ಆರೋಗ್ಯ ನೋಡಿಕೊಳ್ಳುತ್ತಾರೆ ಅಂತಾನಾ?

ಉತ್ತರ: ಒಳ್ಳೆಯ ಅನುಮಾನ. ಸಂಶೋಧಕರು ಇದರ ಮೇಲೆ ಈಗಲೂ ಜಗಳ ಆಡುತ್ತಾರೆ.

ಸಂಬಳವನ್ನು ಪಕ್ಕಕ್ಕಿಟ್ಟರೂ ಓದು ಕೆಲಸ ಮಾಡುತ್ತದೆ ಅನ್ನೋದಕ್ಕೆ ಗಟ್ಟಿ ಸುಳಿವು ಸಿಕ್ಕಿದ್ದು ತಾಯಂದಿರಿಂದ. 1979ರಲ್ಲಿ ಜನಸಂಖ್ಯಾ ತಜ್ಞ ಜಾನ್ ಕಾಲ್ಡ್‌ವೆಲ್ ನೈಜೀರಿಯಾದ ಮಾಹಿತಿ ಇಟ್ಟುಕೊಂಡು ಒಂದು ಮಾತು ಹೇಳಿದರು. ಗಂಡನ ಕೆಲಸ ಯಾವುದೇ ಇರಲಿ, ತಾಯಿ ಓದಿದ್ದರೆ ಮಗು ಉಳಿಯುವ ಸಾಧ್ಯತೆ ಜಾಸ್ತಿ. ಶಾಲೆಯಲ್ಲಿ ಅವಳಿಗೆ ಯಾರೂ ಭೇದಿಗೆ ಏನು ಮಾಡಬೇಕು ಅಂತ ಪಾಠ ಮಾಡಿರಲಿಕ್ಕಿಲ್ಲ. ಆದರೆ ಮಗುವಿಗೆ ಹುಷಾರಿಲ್ಲದಾಗ ಹಿರಿಯರ ಅಪ್ಪಣೆಗೆ ಕಾಯದೆ ಹೊರಡುವ ಧೈರ್ಯ ಬಂದಿತ್ತು. ಆಸ್ಪತ್ರೆಯಲ್ಲಿ ಅವಳ ಮಾತಿಗೆ ಬೆಲೆ ಸಿಗುತ್ತಿತ್ತು. 2010ರಲ್ಲಿ 175 ದೇಶಗಳ ಲೆಕ್ಕ ಬಂತು. 1970ರಿಂದ 2009ರವರೆಗೆ ಐದು ವರ್ಷದೊಳಗಿನ ಮಕ್ಕಳ ಸಾವು ಇಳಿದದ್ದರಲ್ಲಿ ಸುಮಾರು ಅರ್ಧ ಪಾಲನ್ನು ಆ ಲೆಕ್ಕ ಹೆಣ್ಣುಮಕ್ಕಳ ಓದಿಗೆ ಕೊಟ್ಟಿತು.

ಈಗ ಎದುರು ಪಕ್ಷದ ವಾದ. ಬ್ರಿಟನ್ನಿನಲ್ಲಿ ಶಾಲೆ ಬಿಡುವ ವಯಸ್ಸನ್ನು 1947ರಲ್ಲಿ 14ರಿಂದ 15ಕ್ಕೆ, 1972ರಲ್ಲಿ 16ಕ್ಕೆ ಏರಿಸಿದರು. ಲಕ್ಷಾಂತರ ಮಕ್ಕಳು ಒಂದು ವರ್ಷ ಜಾಸ್ತಿ ಶಾಲೆಯಲ್ಲಿ ಕೂತರು. ಮುಂದೆ ಅವರ ಆಯಸ್ಸು ಹೆಚ್ಚಿತಾ? ಹೆಚ್ಚೂಕಡಿಮೆ ಇಲ್ಲ. ನನ್ನ ಓದಿಕೆ ಇದು: ಬರೀ ವರ್ಷ ಕೂಡಿಸಿದರೆ ಸಾಲದು. ಆ ವರ್ಷದಿಂದ ಕೆಲಸ ಬದಲಾಗಬೇಕು, ಓಡಾಡುವ ಬಳಗ ಬದಲಾಗಬೇಕು, ಇಲ್ಲಾಂದ್ರೆ ಸುಮ್ನೆ ಬೆಂಚು ಕಾದ ಹಾಗೆ.

ಸಿಗರೇಟಿನ ಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ಗಟ್ಟಿ ನಂಟು 1950ರಲ್ಲಿ ಪ್ರಕಟವಾಯಿತು. ಅದಕ್ಕೂ ಮುಂಚೆ ಸಿಗರೇಟು ಬಡವರು ಶ್ರೀಮಂತರು ಎನ್ನದೆ ಎಲ್ಲರ ಕೈಯಲ್ಲೂ ಇತ್ತು, ಡಾಕ್ಟರುಗಳೂ ಧಾರಾಳವಾಗಿ ಸೇದುತ್ತಿದ್ದರು. ಸುದ್ದಿ ಹೊರಬಿದ್ದ ಮೇಲೆ ಮೊದಲು ಬಿಟ್ಟವರು ಓದಿದವರು, ಅನುಕೂಲಸ್ಥರು. ಸುದ್ದಿ ಎಲ್ಲರಿಗೂ ತಲುಪಿತ್ತು. ಅದನ್ನು ಬಳಸಿಕೊಳ್ಳುವ ಬಿಡುವು, ನೆಮ್ಮದಿ, ಜೊತೆಗೆ ಬಿಡುವ ಗೆಳೆಯರು ಎಲ್ಲರಿಗೂ ಇರಲಿಲ್ಲ. ಸಮಾಜಶಾಸ್ತ್ರಜ್ಞರಾದ ಬ್ರೂಸ್ ಲಿಂಕ್ ಮತ್ತು ಜೋ ಫೆಲನ್ 1995ರಲ್ಲಿ ಇದನ್ನೇ ಸಿದ್ಧಾಂತವಾಗಿ ಬರೆದರು. ಕಾಯಿಲೆ ಬದಲಾಗುತ್ತದೆ, ಔಷಧ ಬದಲಾಗುತ್ತದೆ. ಆದರೆ ದುಡ್ಡು, ತಿಳಿವಳಿಕೆ, ಪ್ರಭಾವ, ಪರಿಚಯ ಇರುವವರು ಪ್ರತಿ ಸಲವೂ ಹೊಸ ಉಪಾಯವನ್ನು ಮೊದಲು ಹಿಡಿಯುತ್ತಾರೆ. ಹಾಗಾಗಿ ಅಂತರ ಮತ್ತೆ ಮತ್ತೆ ಹುಟ್ಟುತ್ತದೆ.

ಪ್ರಶ್ನೆ: ನಾನು ನರ್ಸ್. ಇದೆಲ್ಲ ಸರಿ ಮೇಡಂ. ಆದರೆ ವಾರ್ಡಿನಲ್ಲಿ ನಿಂತು ನೋಡಿದಾಗ ಬೇಜಾರಾಗುತ್ತೆ. ಎಷ್ಟು ಹೇಳಿದರೂ ಕೆಲವರು ಮಾತ್ರೆ ತಗೊಳ್ಳಲ್ಲ, ಫಾಲೋ-ಅಪ್‌ಗೆ ಬರಲ್ಲ. ನಾವು ಏನು ಮಾಡೋಕಾಗುತ್ತೆ?

ಉತ್ತರ: ಸಿಸ್ಟರ್, ನಿಮ್ಮ ಬೇಜಾರು ನನಗೂ ಗೊತ್ತು. ಸಮಾಜ ಬದಲಾಯಿಸುವುದು ನಮ್ಮ ಡ್ಯೂಟಿ ಸಮಯದಲ್ಲಿ ಆಗುವ ಕೆಲಸವಲ್ಲ. ಆದರೆ ಕೆಲವು ಕೆಲಸ ಖಂಡಿತ ಆಗುತ್ತೆ.

"ಯಾಕೆ ಬರಲಿಲ್ಲ?" ಅಂತ ಕೇಳೋ ಬದಲು "ಬರೋಕೆ ಏನು ತೊಂದರೆ ಆಯ್ತು?" ಅಂತ ಕೇಳಿ. ಉತ್ತರವೇ ಬೇರೆ ಬರುತ್ತದೆ. ಒಂದು ದಿನ ಆಸ್ಪತ್ರೆಗೆ ಬಂದರೆ ಆ ದಿನದ ಕೂಲಿ ಹೋಗುತ್ತದೆ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಇರೋದಿಲ್ಲ. ದಿನಕ್ಕೆ ಮೂರು ಹೊತ್ತಿನ ಮಾತ್ರೆ ಬರೆದಿದ್ದರೆ ಒಂದೇ ಹೊತ್ತಿನದ್ದು ಇದೆಯಾ ಅಂತ ಡಾಕ್ಟರನ್ನು ನೀವೇ ಕೇಳಿ. ಎಷ್ಟೋ ಔಷಧಗಳಲ್ಲಿ ಇರುತ್ತದೆ.

ಇನ್ನೊಂದು, "ಅರ್ಥ ಆಯ್ತಾ?" ಅಂತ ಕೇಳಬೇಡಿ. ಎಲ್ಲರೂ ತಲೆ ಆಡಿಸುತ್ತಾರೆ, ಓದಿದವರೂ ಆಡಿಸುತ್ತಾರೆ. "ಮನೆಗೆ ಹೋಗಿ ಇದನ್ನ ಹೇಗೆ ತಗೋತೀರಿ, ನನಗೊಮ್ಮೆ ಹೇಳಿ, ನಾನು ಸರಿಯಾಗಿ ಹೇಳಿದ್ದೀನಾ ನೋಡ್ತೀನಿ" ಅನ್ನಿ. ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ, ಅವರಿಗೂ ಅವಮಾನ ಆಗೋದಿಲ್ಲ. ಅಕ್ಷರ ಬಾರದವರಿಗೆ ಚೀಟಿಯಲ್ಲಿ ಸೂರ್ಯ, ಚಂದ್ರ ಬರೆದು ಕೊಟ್ಟರೂ ಕೆಲಸ ಆಗುತ್ತದೆ.

ಮತ್ತೆ, ತಪ್ಪು ರೋಗಿಯದೇ ಅಂತ ಅನಿಸಿದಾಗ ಜೂಲಿಯನ್ ಟ್ಯೂಡರ್ ಹಾರ್ಟ್ ಅವರನ್ನು ನೆನಪು ಮಾಡಿಕೊಳ್ಳಿ. ವೇಲ್ಸ್‌ನ ಗಣಿ ಕಾರ್ಮಿಕರ ಊರಿನಲ್ಲಿ ಡಾಕ್ಟರಾಗಿದ್ದವರು. ಒಳ್ಳೆಯ ವೈದ್ಯಕೀಯ ಸೇವೆ ಎಲ್ಲಿ ಜಾಸ್ತಿ ಬೇಕೋ ಅಲ್ಲೇ ಕಡಿಮೆ ಸಿಗುತ್ತದೆ ಅಂತ 1971ರಲ್ಲಿ ಬರೆದರು. ನಿಮ್ಮ ವಾರ್ಡಿಗೆ ತಡವಾಗಿ ಬರುವವರಲ್ಲಿ ಬಹಳ ಜನ ಹಾಗೆ ಸೇವೆ ಸರಿಯಾಗಿ ಸಿಗದವರು.

ಪ್ರಶ್ನೆ: ನಾನು ಪ್ರೈಮರಿ ಶಾಲೆ ಟೀಚರ್. ಚಿಕ್ಕಂದಿನಲ್ಲೇ ಎಲ್ಲ ತೀರ್ಮಾನ ಆಗಿಹೋಗಿರುತ್ತೆ ಅಂತ ಓದಿದೆ. ಹಾಗಾದರೆ ನನ್ನ ಹತ್ತಿರ ಬರುವ ಹೊತ್ತಿಗೆ ತಡವಾಗಿರುತ್ತಾ?

ಉತ್ತರ: ಇಲ್ಲ. ಮೊದಲ ವರ್ಷಗಳ ತೂಕ ಜಾಸ್ತಿ, ಅದು ನಿಜ. ಜಮೈಕಾದಲ್ಲಿ 1986-87ರಲ್ಲಿ, ಬೆಳವಣಿಗೆ ಕುಂಠಿತವಾದ 129 ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಶುರು ಮಾಡಿದರು. ಅವರಲ್ಲಿ ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೊಮ್ಮೆ ಹೋಗಿ, ಮಗುವಿನ ಜೊತೆ ಹೇಗೆ ಆಡಬೇಕು, ಮಾತಾಡಬೇಕು ಅಂತ ತಾಯಿಗೆ ತೋರಿಸಿಕೊಟ್ಟರು. ಎರಡು ವರ್ಷ, ಸಲಕ್ಕೆ ಒಂದು ಗಂಟೆ, ಅಷ್ಟೇ. ಇಪ್ಪತ್ತು ವರ್ಷದ ನಂತರ ಆ ಮಕ್ಕಳ ಸಂಪಾದನೆ ಈ ಭೇಟಿ ಸಿಗದ ಅಂಥದ್ದೇ ಮಕ್ಕಳಿಗಿಂತ ಶೇಕಡಾ 25ರಷ್ಟು ಜಾಸ್ತಿ ಇತ್ತು. ನನಗೆ ಬಹಳ ಇಷ್ಟವಾದ ಪ್ರಯೋಗ ಇದು, ಯಾಕೆಂದರೆ ಇದರಲ್ಲಿ ದುಬಾರಿಯಾದದ್ದು ಏನೂ ಇಲ್ಲ.

ಶಾಲೆ ವಯಸ್ಸಿನಲ್ಲೂ ದಾರಿ ಮುಚ್ಚಿರೋದಿಲ್ಲ. ಓದು ಆರೋಗ್ಯ ಕೊಡುತ್ತದೆ ಅಂತ ಮಾತಾಡಿದೆವಲ್ಲ, ಆರೋಗ್ಯ ಕೆಟ್ಟರೆ ಓದೂ ಕೆಡುತ್ತದೆ. ಚೀನಾದ ಹಳ್ಳಿ ಶಾಲೆಗಳಲ್ಲಿ ದೂರದ್ದು ಮಸುಕಾಗಿ ಕಾಣುತ್ತಿದ್ದ ಮಕ್ಕಳಿಗೆ ಪುಕ್ಕಟೆ ಕನ್ನಡಕ ಕೊಟ್ಟು ನೋಡಿದರು. ಗಣಿತದ ಅಂಕ ಏರಿತು. ಆ ಮಕ್ಕಳು ದಡ್ಡರಾಗಿರಲಿಲ್ಲ, ಬೋರ್ಡ್ ಕಾಣುತ್ತಿರಲಿಲ್ಲ.

ಮರುಪ್ರಶ್ನೆ: ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಯಾವಾಗಲೂ ಪಕ್ಕದವನ ಪುಸ್ತಕ ನೋಡಿ ಬರೆಯುತ್ತಾನೆ. ಕಾಪಿ ಹೊಡೆಯುತ್ತಾನೆ ಅಂತ ಗದರಿಸುತ್ತಿದ್ದೆ...

ಉತ್ತರ: ಮೊದಲು ಕಣ್ಣು ಪರೀಕ್ಷೆ ಮಾಡಿಸಿ ಟೀಚರ್. ಕಣ್ಣು ಕಿರಿದು ಮಾಡಿ ನೋಡುತ್ತಾನಾ, ಆಗಾಗ ತಲೆನೋವು ಅಂತಾನಾ ಗಮನಿಸಿ. ಹಾಗೇ, ಕರೆದಾಗ ತಿರುಗದ ಮಕ್ಕಳ ಕಿವಿ, ಬೆಳಗಿನ ಮೊದಲ ಪೀರಿಯಡ್‌ನಲ್ಲೇ ತೂಕಡಿಸುವವರ ರಕ್ತಹೀನತೆಯನ್ನೂ ನೋಡಿಸಿ. ಕನ್ನಡಕ ಬಂದ ಮೇಲೆ ಅವನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಬೇರೆ ಮಕ್ಕಳು ರೇಗಿಸದ ಹಾಗೆ ನೋಡಿಕೊಳ್ಳಿ. ಎಷ್ಟೋ ಮಕ್ಕಳು ಆ ಕಾರಣಕ್ಕೇ ಕನ್ನಡಕವನ್ನು ಚೀಲದಲ್ಲಿ ಇಟ್ಟುಬಿಡುತ್ತಾರೆ.