ಪದಚರ್ಚೆ: ಸ್ಯಾಲ್ವೇಜ್ ಶಿಪ್ಪಿನ ಸ್ವಿಚ್ಚುಗಳಿಗೆ ಕನ್ನಡ

ಕೇಳಿಕೆ:

ಬಳಗದವರಿಗೆ ನಮಸ್ಕಾರ. ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ಆಡುವ ವಿಆರ್ ಆಟವೊಂದಕ್ಕೆ ಕನ್ನಡ ಪದಪಟ್ಟಿ ತಯಾರಾಗುತ್ತಿದೆ. ಬಾಹ್ಯಾಕಾಶದಲ್ಲಿ ಕೆಟ್ಟು ತೇಲುತ್ತಿರುವ ನೌಕೆಗಳನ್ನು ಹುಡುಕಿ ಬೇಕಾದ ಭಾಗ ಬಿಚ್ಚಿಕೊಳ್ಳುವುದು, ಕೆಲವೊಮ್ಮೆ ಇಡೀ ನೌಕೆಯನ್ನೇ ಎಳೆದು ತರುವುದು, ಇಷ್ಟು ಆಟ. ಸಂಭಾಷಣೆಯಲ್ಲಿ ತೊಂದರೆಯಿಲ್ಲ, ತೊಡಕಿರುವುದು ಕಾಕ್‌ಪಿಟ್ಟಿನ ಸ್ವಿಚ್ಚುಗಳಲ್ಲಿ. ಒಂದೊಂದರ ಮೇಲೆ ನಾಲ್ಕೈದು ಅಕ್ಷರಕ್ಕಷ್ಟೇ ಜಾಗ. ಸದ್ಯದ ಕರಡು ಹೀಗಿದೆ: ಈ ಕೆಲಸಕ್ಕೆ ಹೋಗುವ ಸ್ಯಾಲ್ವೇಜ್ ಶಿಪ್‌ಗೆ ಗುಜರಿ ನೌಕೆ, ಮೂತಿ ಮೇಲೆ ಕೆಳಗೆ ಆಗುವ ಪಿಚ್, ಎಡ ಬಲಕ್ಕೆ ಹೋಗುವ ಯಾ, ಮೈ ಉರುಳುವ ರೋಲ್ ಇದ್ದಂತೆಯೇ, ತಿರುಗದೆ ಪಕ್ಕಕ್ಕೆ ಹೋಗುವ ಟ್ರಾನ್ಸ್‌ಲೇಟ್‌ಗೆ ‘ಸರಿ’, ನೌಕೆಯನ್ನು ನೂಕುವ ಥ್ರಸ್ಟರ್ ಹಾಗೆಯೇ, ಗಾಳಿ ಸೋರದಂತೆ ಒಳಗೆ ಹೊರಗೆ ಹೋಗುವ ಏರ್‌ಲಾಕ್‌ಗೆ ಗಾಳಿಬೀಗ, ಮಾಸ್‌ಗೆ ತೂಕ, ನೌಕೆಗಳು ಒಂದಕ್ಕೊಂದು ಕೂಡಿಕೊಳ್ಳುವ ಡಾಕಿಂಗ್‌ಗೆ ಜೋಡಣೆ. ಯಾವುದು ನಿಂತೀತು, ಯಾವುದನ್ನು ಬಿಡಬೇಕು?

ಮೊದಲ ಉತ್ತರ:

ಮೊದಲು ಬಿಡಬೇಕಾದ್ದು ‘ಸರಿ’. ಯಂತ್ರಾನುವಾದ ಕೊಡುವ ‘ಎಡಕ್ಕೆ ಅನುವಾದಿಸಿ’ಗಿಂತ ಅದು ಎಷ್ಟೋ ವಾಸಿ, ಒಪ್ಪಿದೆ. ಆದರೆ ಪರದೆಯ ಮೇಲೆ ‘ಸರಿ’ ಎಂದರೆ ಒಪ್ಪಿಗೆಯ ಗುಂಡಿ. ಮೊಬೈಲು ನಮ್ಮ ಕಣ್ಣಿಗೆ ಕಲಿಸಿರುವುದೇ ಅದನ್ನು. ಎಚ್ಚರಿಕೆ ದೀಪ ಮಿನುಗುವಾಗ ಪಕ್ಕದಲ್ಲಿ ‘ಸರಿ’ ಕಂಡರೆ ಆಡುವವರು ಒತ್ತಿಯೇ ಒತ್ತುತ್ತಾರೆ, ನೌಕೆ ಪಕ್ಕದ ಅವಶೇಷಕ್ಕೆ ಹೋಗಿ ಬಡಿಯುತ್ತದೆ. ‘ಜರುಗು’ ಇಡಿ. ಮೂತಿಯ ದಿಕ್ಕು ಬದಲಾಗದೆ ಜಾಗ ಬದಲಾಗುವುದಕ್ಕೆ ಜರುಗು, ಜಾಗ ಬದಲಾಗದೆ ದಿಕ್ಕು ಬದಲಾಗುವುದಕ್ಕೆ ತಿರುಗು. ಆಟದಲ್ಲಿ ಹೊಸಬರು ಎಡವುವುದೇ ಈ ಎರಡರ ನಡುವೆ, ಆದ್ದರಿಂದ ಈ ಜೋಡಿಯಲ್ಲಿ ಗೊಂದಲ ಉಳಿಯಬಾರದು.

ಪಿಚ್, ಯಾ, ರೋಲ್ ಮೂರೂ ಕನ್ನಡ ಲಿಪಿಗೆ ಬಂದ ಕೂಡಲೇ ಬೇರೆ ಪದಗಳಾಗುತ್ತವೆ. ಪಿಚ್ ಎಂದರೆ ಕ್ರಿಕೆಟ್ಟಿನದು. ಯಾ ಎಂದರೆ ‘ತಂದೆ ಯಾ ಪೋಷಕರ ಹೆಸರು’ ಎಂದು ಅರ್ಜಿಯಲ್ಲಿ ಬರುವುದು. ರೋಲ್ ಸಿನಿಮಾದ್ದು. ಕತ್ತಿನಿಂದ ತೋರಿಸಬಹುದಲ್ಲ ಎಂದರೆ ಅದೂ ಕಷ್ಟ: ನಮ್ಮಲ್ಲಿ ತಲೆಯಾಡಿಸಿದರೆ ಹೌದೋ ಅಲ್ಲವೋ ನೋಡಿದವರಿಗೇ ಗೊತ್ತು, ಇನ್ನು ಮೆಚ್ಚಿ ತಲೆದೂಗುವಾಗಿನ ಆಟ ಹೆಚ್ಚುಕಡಿಮೆ ರೋಲ್! ನೌಕೆಗೆ ಮೂತಿ ಇದೆಯಲ್ಲ, ಅದನ್ನೇ ಹಿಡಿಯೋಣ. ಮೂತಿ ಮೇಲೆ ಕೆಳಗೆ ಆಗುವುದು ‘ಏಳು’ ಮತ್ತು ‘ಬಾಗು’, ಎಡ ಬಲಕ್ಕೆ ಹೋಗುವುದು ‘ತಿರುಗು’, ಮೂತಿ ಇದ್ದಲ್ಲೇ ಇದ್ದು ಮೈ ಉರುಳುವುದು ‘ಹೊರಳು’. ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ. ‘ಮಗ್ಗುಲು’ ಎಂದೇ ಇಡುವ ಆಸೆಯಾಗುತ್ತದೆ, ಆದರೆ ಒತ್ತು ಬಂತು.

ಒತ್ತಿನ ಲೆಕ್ಕ ಸಣ್ಣದಲ್ಲ. ಕಣ್ಣಿನಿಂದ 60 ಸೆಂಟಿಮೀಟರ್ ದೂರದಲ್ಲಿ 1.5 ಸೆಂಟಿಮೀಟರ್ ಎತ್ತರದ ಪಟ್ಟಿಯಿದ್ದರೆ ಅದು ಕಾಣುವುದು ಸುಮಾರು 1.4 ಡಿಗ್ರಿಯಷ್ಟು. ಡಿಗ್ರಿಗೆ 20 ಪಿಕ್ಸೆಲ್ ತೋರಿಸುವ ಹೆಡ್‌ಸೆಟ್ಟಿನಲ್ಲಿ ಅದಕ್ಕೆ ಸಿಗುವುದು 28 ಪಿಕ್ಸೆಲ್. ಇಂಗ್ಲಿಷಿನ ದೊಡ್ಡಕ್ಷರ ಅಷ್ಟನ್ನೂ ಬಳಸಿಕೊಳ್ಳುತ್ತದೆ. ಕನ್ನಡದಲ್ಲಿ ಮೇಲೆ ಗುಣಿತ, ನಡುವೆ ಮೂಲಾಕ್ಷರ, ಕೆಳಗೆ ಒತ್ತು, ಮೂವರೂ ಅಷ್ಟರಲ್ಲೇ ಹಂಚಿಕೊಳ್ಳಬೇಕು. ‘ಥ್ರಸ್ಟರ್’ ಎಂಬಲ್ಲಿ ಎರಡು ಒತ್ತು, ಕೊನೆಗೊಂದು ಅರ್ಧಾಕ್ಷರ. ಸ್ವಿಚ್ಚಿನ ಮೇಲೆ ಅದು ಇರುವೆ ಸಾಲು. ‘ನೂಕು’ ಸಾಕು. ಇನ್ನೊಂದು ಮಾತು: ಆಟದ ಎಂಜಿನ್ನುಗಳ ಸಾದಾ ಪಠ್ಯಘಟಕ ಎಷ್ಟೋ ಸಲ ಒತ್ತನ್ನು ಜೋಡಿಸದೆ ಥ್, ರ ಎಂದು ಬಿಡಿಬಿಡಿಯಾಗಿ ತೋರಿಸುತ್ತದೆ. ಜೋಡಿಸಿದರೂ ಪಟ್ಟಿಯ ಎತ್ತರ ಇಂಗ್ಲಿಷಿನ ಅಳತೆಯದ್ದಾಗಿದ್ದರೆ ಒತ್ತಿನ ಕಾಲು ಕತ್ತರಿಸಿಹೋಗುತ್ತದೆ. ಸ್ವಿಚ್ಚಿನ ಪದಗಳನ್ನು ಚಿತ್ರವಾಗಿಯೇ ಮಾಡಿ ಅಂಟಿಸುವುದು ಕ್ಷೇಮ.

‘ತೂಕ’ದ ಬಗ್ಗೆ ಪಠ್ಯಪುಸ್ತಕದವರು ಆಕ್ಷೇಪಿಸುತ್ತಾರೆ, ಸರಿಯಾಗಿಯೇ. ತೇಲುವ ನೌಕೆ ತಕ್ಕಡಿಗೆ ಏನೂ ತೋರಿಸದು, ಆದರೆ ಜಡತ್ವ ಎಲ್ಲೂ ಹೋಗಿರುವುದಿಲ್ಲ. 4 ಟನ್ನಿನ ಹಡಗಿಗೆ 2,000 ನ್ಯೂಟನ್ ನೂಕುಬಲ ಇದೆ ಅನ್ನಿ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಎದುರು ನೂಕಿ ನಿಲ್ಲಲು 4 ಸೆಕೆಂಡು, 4 ಮೀಟರು ಬೇಕು. ಹಿಂದೆ 12 ಟನ್ನಿನ ಅವಶೇಷ ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ 16 ಸೆಕೆಂಡು, 16 ಮೀಟರು. ಹಗ್ಗದಲ್ಲಿ ಕಟ್ಟಿದ್ದರೆ ಇನ್ನೂ ಕೆಟ್ಟದ್ದು: ಹಗ್ಗ ಎಳೆಯಬಲ್ಲದು, ತಡೆಯಲಾರದು. ನೀವು ನಿಂತಿರಿ, ಹಿಂದಿನದು ನಿಲ್ಲದೆ ಬಂದು ಗುದ್ದುತ್ತದೆ. ‘ದ್ರವ್ಯರಾಶಿ’ ಸ್ವಿಚ್ಚಿಗೆ ಉದ್ದ, ‘ರಾಶಿ’ ಎಂದರೆ ಕಣವೋ ಜಾತಕವೋ ಆಗುತ್ತದೆ. ಪದವೇ ಬೇಡ, ‘16 ಟನ್’ ಎಂದು ತೋರಿಸಿದರೆ ಮುಗಿಯಿತು.

ಎರಡನೆಯ ಉತ್ತರ:

‘ಗಾಳಿಬೀಗ’ ಬೇಡವೇ ಬೇಡ. ಅಲ್ಲಿನ ಲಾಕ್ ಬೀಗವಲ್ಲ, ಪನಾಮಾ ಕಾಲುವೆಯಲ್ಲಿ ಹಡಗನ್ನು ಮೇಲೆ ಕೆಳಗೆ ಮಾಡುವ ಎರಡು ಬಾಗಿಲಿನ ಕೋಣೆ. ‘ಏರ್‌ಲಾಕ್’ ಎಂದೇ ಉಳಿಸಿದರೆ ಪಂಪ್‌ಸೆಟ್ಟು ಗೊತ್ತಿರುವವರಿಗೆ ಪೈಪಿನಲ್ಲಿ ಗಾಳಿ ಹಿಡಿದು ನೀರು ಎತ್ತದಿರುವುದು ನೆನಪಾಗುತ್ತದೆ. ‘ಗಾಳಿಕೋಣೆ’ ಎನ್ನಿ, ಒಳಬಾಗಿಲು ಹೊರಬಾಗಿಲು ಎನ್ನಿ. ಒಂದು ಮುಚ್ಚದೆ ಇನ್ನೊಂದು ತೆರೆಯದು ಎಂಬುದು ತಾನಾಗಿ ತಿಳಿಯುತ್ತದೆ. ಅವಶೇಷವನ್ನು ಕತ್ತರಿಸುವ ಮುಂಚೆ ಒಳಗಿನ ಗಾಳಿಯನ್ನು ಹೊರಬಿಡುವ ಸ್ವಿಚ್ಚಿಗೂ ಪದ ಬೇಕು: ‘ಗಾಳಿ ತೆಗೆ’. ಅದನ್ನು ಮರೆತು ಗೋಡೆ ಕೊಯ್ದರೆ ನುಗ್ಗಿಬರುವ ಗಾಳಿ ಕೊಯ್ಯುವವರನ್ನು ಒಂದು ಕಡೆಗೆ, ಅವಶೇಷವನ್ನು ಇನ್ನೊಂದು ಕಡೆಗೆ ನೂಕುತ್ತದೆ.

‘ಜೋಡಣೆ’ಯನ್ನು ಬಿಡಿಭಾಗ ಕೂಡಿಸುವುದಕ್ಕೆ ಮೀಸಲಿಡುವುದು ಒಳ್ಳೆಯದು. ಇಸ್ರೋದ ಸ್ಪೇಡೆಕ್ಸ್ ಉಪಗ್ರಹಗಳು 2025ರ ಜನವರಿ 16ರಂದು ಕೂಡಿಕೊಂಡ ಮೇಲೆ ‘ಡಾಕಿಂಗ್’ ಕನ್ನಡ ಪತ್ರಿಕೆ ಓದುವವರಿಗೆ ಹೊಸದಲ್ಲ. ಅಲ್ಲಿ ಒಂದು ಇನ್ನೊಂದರಿಂದ 15 ಮೀಟರ್ ದೂರದಲ್ಲಿ ನಿಂತು, ಮತ್ತೆ 3 ಮೀಟರ್‌ನಲ್ಲಿ ನಿಂತು, ಆಮೇಲೆ ಕೂಡಿಕೊಂಡದ್ದು. ಆಟದಲ್ಲೂ ಇಂಥ ತಡೆದಾಣಗಳಿರುತ್ತವೆ. ಅದಕ್ಕೆ ‘ನಿಲುಗಡೆ’ ಎಂದರೆ ಬಸ್ಸು ಬರುತ್ತದೆ. ‘ತಾಳು’ ಚೆನ್ನ, ಆದೇಶವೂ ಆಯಿತು.

ಇನ್ನು ಹಡಗಿನ ಹೆಸರು. ‘ಗುಜರಿ ಗಾಡಿ’ ಎಂದರೆ ಗುಜರಿ ಸಾಗಿಸುವ ಗಾಡಿಯಲ್ಲ, ಗುಜರಿಗೆ ಹಾಕಬೇಕಾದ ಗಾಡಿ. ‘ಗುಜರಿ ನೌಕೆ’ಯೂ ಹಾಗೆಯೇ ಕೇಳಿಸುತ್ತದೆ. ಇಂಥ ಆಟಗಳಲ್ಲಿ ಆರಂಭಕ್ಕೆ ಸಿಗುವ ನೌಕೆಯನ್ನು ನೋಡಿದರೆ ತಪ್ಪಲ್ಲ ಅನ್ನಬಹುದು! ‘ಹೆಕ್ಕುಹಡಗು’ ಹೇಗೆ? ನೌಕೆ ಹಾಕಿದರೆ ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ ಎಂಬ ತಕರಾರು ಬರುತ್ತದೆ, ಹಡಗಿಗೆ ಆ ಕಾಟವಿಲ್ಲ. ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆಗೆ ‘ಹಕ್ಕಲು’ ಎನ್ನುತ್ತಾರೆ, ಅದನ್ನು ಆಯುವ ಕೆಲಸವೇ ಇದೂ. ತಂದ ಸರಕಿನ ಪಟ್ಟಿಗೆ ‘ಹಕ್ಕಲು’ ಎಂದು ಹೆಸರಿಡಬಹುದು.

ಆದರೆ ಇಂಗ್ಲಿಷಿನ ಸ್ಯಾಲ್ವೇಜ್ ಹೆಕ್ಕುವುದಷ್ಟೇ ಅಲ್ಲ. ಕಡಲ ಕಾನೂನಿನಲ್ಲಿ ಅದು ಅಪಾಯದಲ್ಲಿರುವ ಹಡಗನ್ನೋ ಸರಕನ್ನೋ ಉಳಿಸಿ ಅದಕ್ಕೆ ಸಂಭಾವನೆ ಪಡೆಯುವುದು. 1984ರ ನವೆಂಬರಿನಲ್ಲಿ ಡಿಸ್ಕವರಿ ಷಟಲ್ ತಪ್ಪು ಕಕ್ಷೆಯಲ್ಲಿದ್ದ ವೆಸ್ಟಾರ್ 6, ಪಲಾಪಾ ಬಿ2 ಉಪಗ್ರಹಗಳನ್ನು ಹಿಡಿದು ತಂದಾಗ ಆದದ್ದು ಇದೇ. ಎರಡೂ 1990ರಲ್ಲಿ ಮತ್ತೆ ಮೇಲೇರಿದವು. ಇದಕ್ಕೆ ‘ದಡ ಸೇರಿಸು’ ಬಿಟ್ಟರೆ ಬೇರೆ ಪದ ಹೊಂದುವುದಿಲ್ಲ. ಬಿಚ್ಚಿ ಮಾರುವುದಕ್ಕೆ ‘ಕಳಚು’. ಆಟದ ಎರಡು ಬಗೆಯ ಕೆಲಸಕ್ಕೆ ಎರಡು ಹೆಸರಾಯಿತು.

ಕೊನೆಗೆ, ಏಕವಚನ ಬಹುವಚನ ಕಲಸಬೇಡಿ. ಸ್ವಿಚ್ಚು ಎಂದರೆ ಆಡುವವರು ಹಡಗಿಗೆ ಕೊಡುವ ಆಜ್ಞೆ, ಅಲ್ಲಿ ಹಿಡಿ, ಬಿಡು, ಎಳೆ, ತಾಳು ಸಾಕು. ಹಡಗು ಆಡುವವರಿಗೆ ಹೇಳುವ ಮಾತಾದರೆ ಬಹುವಚನ: ‘ಹಗ್ಗ ಸಡಿಲವಾಗಿದೆ, ಈಗ ನೂಕಬೇಡಿ’.