ಕೊಡಲಿ ಕಚ್ಚುತ್ತಿಲ್ಲ, ತಲೆ ಅಲ್ಲಾಡುತ್ತಿದೆ: ಸರಿ ಮಾಡಲೋ, ಹೊಸದು ಕೊಳ್ಳಲೋ?

ಗುಡಾರವಾಸಿ:
ಎಲ್ಲರಿಗೂ ನಮಸ್ಕಾರ. ಕ್ಯಾಂಪಿಂಗ್‌ಗೆ ಅಂತ ಒಂದು ಸಾದಾ ಕೈಗೊಡಲಿ ಇದೆ. ಮರದ ಕಾವು, ಸುಮಾರು 35 ಸೆಂ.ಮೀ. ಉದ್ದ. ತಲೆ 600 ಗ್ರಾಂ. ಕೆಲಸ ದೊಡ್ಡದೇನಲ್ಲ. ಮಣಿಕಟ್ಟಿನಷ್ಟು ದಪ್ಪದ ಒಣ ಕಟ್ಟಿಗೆ ಕಡಿಯಬೇಕು, ಸೀಳಬೇಕು, ಗುಡಾರಕ್ಕೆ ಗೂಟ ಕೆತ್ತಬೇಕು.

ತೊಂದರೆ ಎರಡು. ಒಣ ಕಟ್ಟಿಗೆಗೆ ಹೊಡೆದರೆ ಕಚ್ಚುವುದೇ ಇಲ್ಲ, ಪುಟಿದು ವಾಪಸ್ ಬರುತ್ತದೆ. ಸಾಣೆಕಲ್ಲಿಗೆ ಉಜ್ಜಿದ್ದೇನೆ, ಕಾಗದ ಕತ್ತರಿಸುತ್ತದೆ, ಆದರೂ ಅದೇ ಕಥೆ. ಇನ್ನೊಂದು, ತಲೆ ಅಲ್ಲಾಡುತ್ತದೆ. ರಾತ್ರಿಯಿಡೀ ನೀರಲ್ಲಿ ನೆನೆಸಿದರೆ ಗಟ್ಟಿಯಾಗುತ್ತದೆ. ಒಣಗಿದ ಮೇಲೆ ಮೊದಲಿಗಿಂತ ಜಾಸ್ತಿ ಸಡಿಲ.

ಹೊಸದು ಕೊಳ್ಳುವುದಾದರೆ ಕೊಟ್ಟ ದುಡ್ಡಿಗೆ ಮೋಸ ಆಗಬಾರದು. ಹಾಗಂತ ಗೋಡೆಗೆ ನೇತುಹಾಕಿ ನೋಡುವಂಥ ಕೊಡಲಿಯೂ ಬೇಡ. ಯಾವುದು ನೋಡಲಿ?

ಒಣಕೊರಡು:
ಸದ್ಯಕ್ಕೆ ಏನೂ ಕೊಳ್ಳಬೇಡಿ. ಕಾಗದ ಕತ್ತರಿಸುತ್ತದೆ ಅಂದರೆ ಹರಿತ ಇದೆ, ತೊಂದರೆ ದಪ್ಪದ್ದು. ಕೊಡಲಿಯನ್ನು ಮೇಲಿನಿಂದ, ಕಾವಿನ ತುದಿಯ ಕಡೆಯಿಂದ ನೋಡಿ. ಬಾಯಿಯ ಹಿಂದೆಯೇ ಕಬ್ಬಿಣ ದಿಢೀರ್ ಅಂತ ಉಬ್ಬಿದೆಯಾ? ಅಗ್ಗದ ಕೊಡಲಿಗಳಲ್ಲಿ ಬಹಳಷ್ಟು ಹೀಗೇ ಬರುತ್ತವೆ. ಬಾಯಿ ದಪ್ಪ ಇದ್ದರೆ ಬೇಗ ಮುಕ್ಕಾಗುವುದಿಲ್ಲ, ಮಾಡುವವರಿಗೆ ಅದು ಸಲೀಸು. ಆದರೆ ಮರದೊಳಗೆ ಇಳಿಯುವುದಿಲ್ಲ. ನೀವು ಕಲ್ಲಿಗೆ ಉಜ್ಜಿದ್ದು ತುದಿಯ ಕೂದಲೆಳೆಯಷ್ಟು ಜಾಗವನ್ನು ಮಾತ್ರ, ಹಿಂದಿನ ಉಬ್ಬು ಹಾಗೇ ಇದೆ.

ಮೊದಲು ಉಕ್ಕು ಪರೀಕ್ಷಿಸಿ. ಒಳ್ಳೆಯ ಚಪ್ಪಟೆ ಅರ ತೆಗೆದುಕೊಂಡು ಬಾಯಿಯ ಹತ್ತಿರ ಮೆಲ್ಲಗೆ ಒಂದೆಳೆ ಎಳೆಯಿರಿ. ಸ್ವಲ್ಪ ತಡೆದು ಆಮೇಲೆ ಕಚ್ಚಿದರೆ ಹದ ಸರಿಯಿದೆ. ಗಾಜಿನ ಮೇಲೆ ಹೋದ ಹಾಗೆ ಜಾರಿದರೆ ವಿಪರೀತ ಗಡಸು, ಮುಕ್ಕಾಗುವ ಭಯ ಇದೆ. ಏನೂ ತಡೆಯಿಲ್ಲದೆ ಬಳಬಳ ಅಂತ ಪುಡಿ ಉದುರಿದರೆ ಮೆತ್ತಗಿನ ಉಕ್ಕು. ಅಂಥದ್ದಕ್ಕೆ ಶ್ರಮ ಹಾಕುವುದು ದಂಡ. ಲೆಕ್ಕದಲ್ಲಿ ಹೇಳುವುದಾದರೆ ಒಳ್ಳೆಯ ಕೊಡಲಿಗಳು ಉಕ್ಕಿನ ಗಡಸುತನ ಹೇಳುವ ರಾಕ್‌ವೆಲ್ ಸಿ ಅಳತೆಯಲ್ಲಿ 50ರಿಂದ 58ರ ಒಳಗೆ, ಅರ 60ಕ್ಕಿಂತ ಮೇಲೆ. ಅದಕ್ಕೇ ಅರ ಕಚ್ಚುವುದು.

ಹದ ಸರಿಯಿದ್ದರೆ ಬಾಯಿಯನ್ನು ಎರಡೂ ಬದಿ ಸೇರಿ 30 ಡಿಗ್ರಿಗೆ ತನ್ನಿ. ಅಳೆಯಲು ಸಾಧನ ಬೇಡ. ಕಾಗದದ ಮೂಲೆಯನ್ನು ಮೂರು ಸಮಭಾಗಕ್ಕೆ ಮಡಿಸಿ, ಒಂದು ಭಾಗ 30 ಡಿಗ್ರಿ. ಅದನ್ನು ರಟ್ಟಿನ ಮೇಲಿಟ್ಟು ಕಚ್ಚು ಕತ್ತರಿಸಿ, ಬಾಯಿಗೆ ಹಿಡಿದು ನೋಡಿ. ಉಜ್ಜುವ ಜಾಗಕ್ಕೆ ಮಾರ್ಕರ್ ಪೆನ್ನಿನ ಬಣ್ಣ ಬಳಿಯಿರಿ. ಅರ ಎಲ್ಲಿ ತಾಗುತ್ತಿದೆ, ಎಲ್ಲಿ ತಾಗುತ್ತಿಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ಬಾಯಿಯಿಂದ ಒಂದೆರಡು ಬೆರಳಗಲ ಹಿಂದಿನ ಉಬ್ಬನ್ನೂ ಇಳಿಸಿ, ಅಸಲಿ ಫಲ ಸಿಗುವುದು ಅಲ್ಲೇ. ತಲೆಯನ್ನು ಗಟ್ಟಿಯಾಗಿ ಬಿಗಿಸಿ, ದಪ್ಪ ಕೈಗವಸು ಹಾಕಿಕೊಳ್ಳಿ. ಕೊನೆಗೆ ಕಲ್ಲು.

ಗ್ರೈಂಡರ್ ಮುಟ್ಟಬೇಡಿ. ಬಾಯಿ ತೆಳ್ಳಗಿರುವ ಕಡೆ ಕ್ಷಣದಲ್ಲಿ ಕಾದು ನೀಲಿಯಾಗುತ್ತದೆ. ನೀಲಿಯಾಯಿತು ಅಂದರೆ ಅಷ್ಟು ಜಾಗದ ಹದ ಹೋಯಿತು.

ಬೆಣೆಬಡಿಗ:
ಕಾವಿನ ವಿಷಯ ನಾನು ಹೇಳುತ್ತೇನೆ. ದಯವಿಟ್ಟು ನೀರಲ್ಲಿ ನೆನೆಸುವುದು ನಿಲ್ಲಿಸಿ. ಒದ್ದೆ ಮರ ಉಬ್ಬಿದಾಗ ಸುತ್ತ ಕಬ್ಬಿಣ ಇರುವುದರಿಂದ ಅದಕ್ಕೆ ಹೋಗಲು ಜಾಗ ಇಲ್ಲ. ನಾರು ತಾನೇ ಜಜ್ಜಿಹೋಗುತ್ತದೆ. ಒಣಗಿದಾಗ ಮೊದಲಿಗಿಂತ ಸಣ್ಣದಾಗುತ್ತದೆ. ನಿಮಗೆ ಆಗಿರುವುದು ಅದೇ.

ಪೂರ್ತಿ ಒಣಗಲು ಬಿಡಿ. ಆಮೇಲೆ ತಲೆ ಕೆಳಗೆ ಬರುವಂತೆ ಕೊಡಲಿಯನ್ನು ಗಾಳಿಯಲ್ಲಿ ನೇತಾಡಿಸಿ ಹಿಡಿದು, ಮೇಲೆ ಬಂದ ಕಾವಿನ ಹಿಡಿ ಕಡೆಯ ತುದಿಗೆ ಮರದ ಸುತ್ತಿಗೆಯಿಂದ ಹೊಡೆಯಿರಿ. ತಲೆ ಕಾವಿನ ಮೇಲೆ ತಾನಾಗಿಯೇ ಬಿಗಿಯಾಗಿ ಏರುತ್ತದೆ. ನೋಡಲು ತಮಾಷೆಯಾಗಿರುತ್ತದೆ, ಆದರೆ ಕೆಲಸ ಮಾಡುತ್ತದೆ. ನಂತರ ಹಳೆ ಬೆಣೆ ತೆಗೆದು ಸ್ವಲ್ಪ ದಪ್ಪದ ಹೊಸ ಬೆಣೆ ಹೊಡೆಯಿರಿ, ಅದೂ ಚೆನ್ನಾಗಿ ಒಣಗಿದ ಮರದ್ದೇ.

ಕಾವು ಉಳಿಸಿಕೊಳ್ಳಲು ಯೋಗ್ಯವೇ ಅಂತಲೂ ನೋಡಿ. ಬದಿಯಿಂದ ನೋಡಿದರೆ ಮರದ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹೋಗಿರಬೇಕು. ನಡುವೆಯೇ ಓರೆಯಾಗಿ ಹೊರಗೆ ಬಿದ್ದಿದ್ದರೆ ಮುರಿಯುವುದು ಅಲ್ಲೇ. ಕಾವಿನ ತುದಿಯಲ್ಲಿ ಕಾಣುವ ಎಳೆಗಳು ಬಾಯಿಯ ದಿಕ್ಕಿಗೇ ಇರಬೇಕು ಅಂತಲೂ ಹೇಳುತ್ತಾರೆ. ನಿಜ, ಆದರೆ ನನ್ನ ಲೆಕ್ಕದಲ್ಲಿ ಓರೆ ಎಳೆಯೇ ದೊಡ್ಡ ಶತ್ರು.

ಗರಗಸಪ್ರಿಯ:
ನಾನು ಸ್ವಲ್ಪ ಬೇರೆ ರಾಗ ಹಾಡುತ್ತೇನೆ. ಮಣಿಕಟ್ಟಿನಷ್ಟು ದಪ್ಪದ ಕಟ್ಟಿಗೆಯನ್ನು ಅಡ್ಡ ಕಡಿಯಲು ಕೊಡಲಿ ಯಾಕೆ? ಒಂದು ಮಡಿಸುವ ಗರಗಸ ಇಟ್ಟುಕೊಳ್ಳಿ. ತುಂಡು ಮಾಡಲು ಗರಗಸ, ಸೀಳಲು ಮತ್ತು ಕೆತ್ತಲು ಕೊಡಲಿ. ಇವೆರಡೂ ಸೇರಿದರೂ ಒಂದು ದುಬಾರಿ ಕೊಡಲಿಗಿಂತ ಕಮ್ಮಿ ದುಡ್ಡು.

ಕೊಳ್ಳುವ ಹೊತ್ತು ಬಂದಾಗ ಬ್ರ್ಯಾಂಡ್ ಆಮೇಲೆ ನೋಡಿ, ಮೊದಲು ಉದ್ದ. 35 ಸೆಂ.ಮೀ.ದು ಚೀಲಕ್ಕೆ ಹಗುರ, ಆದರೆ ಗುರಿ ತಪ್ಪಿದರೆ ನೇರ ಮೊಣಕಾಲಿಗೋ ಮುಂಗಾಲಿಗೋ ಬರುತ್ತದೆ. ಅದನ್ನು ಮಂಡಿಯೂರಿಯೇ ಬಳಸಬೇಕು. 60 ಸೆಂ.ಮೀ. ದಾಟಿದರೆ ಎರಡು ಕೈಯ ಕೊಡಲಿ. ತಪ್ಪಿದ ಏಟು ನೆಲಕ್ಕೆ ಬೀಳುವ ಸಾಧ್ಯತೆ ಜಾಸ್ತಿ, ಆದರೆ ಹೊರುವುದು ಯಾರು? ಒಂದೇ ಸಾಕು ಅನ್ನುವವರಿಗೆ 45ರಿಂದ 50 ಸೆಂ.ಮೀ. ಕಾವು, 700 ಗ್ರಾಂ ಆಸುಪಾಸಿನ ತಲೆ ಸರಿ.

ಫಿನ್ಲೆಂಡಿನ ಫಿಸ್ಕಾರ್ಸ್‌ನ ಪ್ಲಾಸ್ಟಿಕ್ ಕಾವಿನ ಕೊಡಲಿ ಸೌದೆ ಸೀಳಲು ಚೆಂದ, ತಲೆ ಸಡಿಲವಾಗುವ ರಗಳೆ ಇಲ್ಲ. ಕಾವು ಮುರಿದರೆ ಮಾತ್ರ ಕಥೆ ಮುಗಿಯಿತು. ಅಮೆರಿಕದ ಎಸ್ಟ್‌ವಿಂಗ್ ಕಾವು ಸಮೇತ ಒಂದೇ ಉಕ್ಕಿನ ತುಂಡು. ಗಟ್ಟಿಮುಟ್ಟು, ಆದರೆ ಏಟಿನ ನಡುಕ ಕೈಗೆ ಬರುತ್ತದೆ, ತೂಕವೂ ಅರ್ಧ ಕಾವಿನಲ್ಲೇ ಕೂತಿರುತ್ತದೆ. ಸ್ವೀಡನ್ನಿನ ಗ್ರೆನ್ಸ್‌ಫೋರ್ಸ್ ಬ್ರುಕ್‌ನವರು 1902ರಿಂದ ಕೊಡಲಿಯನ್ನೇ ಮಾಡುತ್ತಾ ಬಂದವರು, ಡಬ್ಬಿಯಿಂದ ತೆಗೆದ ಕೂಡಲೇ ಕಚ್ಚುತ್ತದೆ. ಅಲ್ಲಿ ಜಾಸ್ತಿ ದುಡ್ಡು ಕೊಡುವುದು ಆ ತಯಾರಿಗೆ. ಅರ ಹಿಡಿಯಲು ಬರುವವರಿಗೆ ಅದರ ಅಗತ್ಯ ಕಮ್ಮಿ.

ಒಣಕೊರಡು:
ಗರಗಸದ ಮಾತು ಒಪ್ಪಿದೆ. ಇನ್ನೊಂದು ದಾರಿ ಬಿಟ್ಟುಹೋಯಿತು: ಹಳೆಯ ತಲೆ ಹುಡುಕಿ ಹೊಸ ಕಾವು ಹಾಕಿಸುವುದು. ಕೊಟ್ಟ ದುಡ್ಡಿಗೆ ಅದರಷ್ಟು ಬೆಲೆ ಬಾಳುವುದು ಯಾವುದೂ ಇಲ್ಲ. ತುಕ್ಕು ಮೇಲಿನದಾದರೆ ಚಿಂತೆ ಬೇಡ. ಕಾವು ಕೂರುವ ತೂತಿನ ಸುತ್ತ ಬಿರುಕು ಇದ್ದರೆ ಬಿಟ್ಟುಬಿಡಿ. ಹಿಂಭಾಗ ಅಣಬೆಯಂತೆ ಅರಳಿದ್ದರೂ ಬೇಡ, ಯಾರೋ ಅದರಲ್ಲಿ ಕಬ್ಬಿಣ ಬಡಿದಿದ್ದಾರೆ.

ಗುಡಾರವಾಸಿ:
ಎಲ್ಲರಿಗೂ ಥ್ಯಾಂಕ್ಸ್. ಅರ ಕಚ್ಚಿತು. ರಟ್ಟಿನ ಕಚ್ಚು ಹಿಡಿದು ನೋಡಿದರೆ ಬಾಯಿ ಅದರೊಳಗೆ ಇಳಿಯಲೇ ಇಲ್ಲ, ಅಷ್ಟು ದಪ್ಪ. ಕೈ ನೋಯುವಷ್ಟು ಉಜ್ಜಿದೆ. ಈಗ ಅದೇ ಒಣ ಕಟ್ಟಿಗೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ! ಕಾವಿನ ಎಳೆ ಮಾತ್ರ ಕುತ್ತಿಗೆಯ ಹತ್ತಿರವೇ ಓರೆಯಾಗಿ ಹೊರಗೆ ಬಿದ್ದಿದೆ. ಹೊಸ ಕಾವು ಹಾಕುತ್ತೇನೆ. ಗರಗಸವೂ ತೆಗೆದುಕೊಳ್ಳುತ್ತೇನೆ, ಹೊಸ ಕೊಡಲಿ ಸದ್ಯಕ್ಕಿಲ್ಲ. ಹೊಸ ಕಾವಿಗೆ ಎಣ್ಣೆ ಯಾವುದು?

ಬೆಣೆಬಡಿಗ:
ಅಗಸೆ ಎಣ್ಣೆ. ತೆಳ್ಳಗೆ ಹಚ್ಚಿ, ಹೀರಿದ ಮೇಲೆ ಮಿಕ್ಕಿದ್ದನ್ನು ಒರೆಸಿ, ಒಣಗಿದ ಮೇಲೆ ಇನ್ನೊಂದು ಸಲ. ವಾರ್ನಿಷ್ ಇರುವ ಕಾವು ಬಂದರೆ ಮೊದಲು ಅದನ್ನು ಕೆರೆದುಬಿಡಿ, ಅಂಗೈಗೆ ಬೊಬ್ಬೆ ಬರಿಸುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಉಂಡೆಯೊಳಗೆ ಆ ಬಿಸಿ ಸೇರಿ ತಾನಾಗಿಯೇ ಬೆಂಕಿ ಹತ್ತಬಹುದು. ಬಯಲಲ್ಲಿ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.